ಕೆಂಪು ಮುಚ್ಚಳದ ಬಾಟಲಿ

ಧಡ್!

ಬಕೆಟ್ಟು ಅವಳ ಮೇಜಿನ ಮೇಲೆ ಬಂದು ಕೂತ ರಭಸಕ್ಕೆ ಗಾಜಿನ ನಳಿಗೆಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

ಬೆಚ್ಚಿ ತಲೆಯೆತ್ತಿದಳು. ಬಾಗಿಲಿನಿಂದ ಮೇಜಿನವರೆಗೂ ಕೆಸರಿನ ಹೆಜ್ಜೆಗಳು... ಮೊಣಕಾಲು ಮುಟ್ಟುವ ರಬ್ಬರ್ ಬೂಟು... ಅದರ ಮೇಲೆ, ಬುಸುಗುಡುತ್ತ ನಿಂತಿದ್ದ ಒಬ್ಬ ಉದ್ದನೆಯ ಮನುಷ್ಯ!

"ನೋಡಿ! ನಿಮ್ಮ ನೀರು ಮಾಡಿರೋ ಕೆಲ್ಸ ನೋಡಿ."

ಬಕೆಟ್ಟಿನ ತುಂಬ ಬೆರಳುದ್ದದ ಮೀನುಗಳು. ಎಲ್ಲವೂ ಹೊಟ್ಟೆ ಮೇಲಾಗಿ ಸತ್ತಿದ್ದವು. ಅವುಗಳ ನಡುವೆ ಎರಡು ಕಪ್ಪೆ.

"ನಿನ್ನೆ ಬೆಳಿಗ್ಗೆ ಇಡೀ ಜೌಗು ಈಜುಕೊಳದ ವಾಸನೆ ಹೊಡೀತಿತ್ತು ಮೇಡಂ! ಅಷ್ಟು ಕ್ಲೋರಿನ್ ಬಿಟ್ಟಿದೀರ. ಪರೀಕ್ಷೆ ಮಾಡ್ದೇನೇ ಸಹಿ ಹಾಕಿದ್ರಾ?"

ಅವಳ ಕಣ್ಣು ಬಕೆಟ್ಟಿನಿಂದ ಅವನ ಕಾಲಿಗಿಳಿಯಿತು. ಎಷ್ಟು ಉದ್ದನೆಯ ಕಾಲು! ಇವನೇ. ಇವನೇ ಕೊಕ್ಕರೆ!

ಅಯ್ಯೋ ದೇವರೇ, ಇವನನ್ನು ಮೊದಲ ಸಲ ನೋಡುವುದು ಹೀಗಾ?

ಹನ್ನೊಂದು ತಿಂಗಳಿನಿಂದ ಇವರಿಬ್ಬರೂ ಮುಖ ನೋಡದೆ ಮಾತಾಡಿಕೊಂಡವರು. ಹೇಗೆ ಅಂತೀರಾ? ಅವಳು ಕೆಲಸ ಮಾಡುತ್ತಿದ್ದ ಘಟಕಕ್ಕೆ ನಗರದ ಬಚ್ಚಲು, ಅಡುಗೆಮನೆ, ಶೌಚಾಲಯಗಳ ಕೊಳೆನೀರೆಲ್ಲ ಬರುತ್ತಿತ್ತು. ಅದನ್ನು ಸೋಸಿ, ಕ್ಲೋರಿನ್ ಹಾಕಿ ಕ್ರಿಮಿ ಕೊಂದು, ಮತ್ತೆ ಆ ಕ್ಲೋರಿನ್ ತೆಗೆದು, ಕನ್ನಡಿಯಂತೆ ಮಾಡಿ, ಊರಾಚೆ ಬತ್ತಿಹೋಗಿದ್ದ ಜೌಗಿಗೆ ಕೊಳವೆಯಲ್ಲಿ ಬಿಡುತ್ತಿದ್ದರು. ಬಿಡುವ ನೀರನ್ನು ದಿನಾ ಪರೀಕ್ಷಿಸಿ ಸಹಿ ಹಾಕುವುದು ಅವಳ ಕೆಲಸ. ಅಲ್ಲಿ ನಿಂತ ನೀರು ಹಕ್ಕಿಗಳಿಗೆ, ಅಲ್ಲಿಂದ ಇಂಗಿದ ನೀರು ಸುತ್ತಲ ಬೀದಿಗಳ ಬಾವಿಗಳಿಗೆ. ಆ ಜೌಗಿನ ಕಾವಲುಗಾರ ಇವನು. ಪ್ರತಿ ಬೆಳಿಗ್ಗೆ ಡ್ರೈವರಣ್ಣ ಜೌಗಿನಿಂದ ನೀರಿನ ಮಾದರಿಗಳ ಪೆಟ್ಟಿಗೆ ತಂದು ಅವಳ ಮುಂದಿಡುತ್ತಿದ್ದ. ಪೆಟ್ಟಿಗೆಯಲ್ಲೊಂದು ಚೀಟಿ. ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ಹಕ್ಕಿ ಎಷ್ಟು, ಕೊನೆಗೆ ಷರಾ.

ಆ ಷರಾದಲ್ಲೇ ಇದ್ದದ್ದು ಎಲ್ಲ!

"ಬಾತುಕೋಳಿಯೊಂದು ನನ್ನ ಬೂಟಿನೊಳಗೆ ಮಲಗಿತ್ತು. ಬರಿಗಾಲಲ್ಲಿ ಓಡಾಡಿದೆ" ಎಂದು ಅವನು ಬರೆದರೆ, "ಇನ್ನೊಂದು ಬೂಟಿಗೂ ಯಾರಾದರೂ ಬಂದಾರು, ಜೋಕೆ" ಎಂದು ಇವಳು ಕೆಳಗೆ ಗೀಚಿ, ಷರಾದ ನಕಲೊಂದನ್ನು ಮನೆಯ ಬಿಸ್ಕತ್ ಡಬ್ಬಿಗೆಂದು ಇಟ್ಟುಕೊಂಡು, ಚೀಟಿಯನ್ನು ವಾಪಸ್ಸು ಕಳಿಸುತ್ತಿದ್ದಳು. "ಆಸಾಮಿ ನೀರಲ್ಲಿ ಒಂಟಿಕಾಲಲ್ಲಿ ನಿಂತ್ರೆ ಕೊಕ್ಕರೆಗೂ ಅವ್ನಿಗೂ ವ್ಯತ್ಯಾಸ ಗೊತ್ತಾಗಲ್ಲ" ಎಂದು ಡ್ರೈವರಣ್ಣ ಹೇಳಿದ ದಿನದಿಂದ ಅವಳ ಮನಸ್ಸಿನಲ್ಲಿ ಅವನ ಹೆಸರು ಕೊಕ್ಕರೆ.

ಸೋಮವಾರ ಬಂದ ಚೀಟಿಯ ಷರಾ ಹೀಗಿತ್ತು: "ನಡುಗಡ್ಡೆಯಲ್ಲಿ ಚಮಚಕೊಕ್ಕಿನ ಹಕ್ಕಿಯ ಮೊದಲ ಮರಿಗಳು ಹೊರಬಂದಿವೆ. ಹದಿನಾಲ್ಕು. ನೀವು ಒಮ್ಮೆ ಬಂದು ನೋಡಿ."

ಆ ಚೀಟಿಯನ್ನು ಅವಳು ವಾಪಸ್ಸು ಕಳಿಸಿರಲಿಲ್ಲ.

"ಮಾತಾಡಿ ಮೇಡಂ!"

ಅವನ ದನಿಗೆ ಎಚ್ಚೆತ್ತಳು. ಮೈಯೆಲ್ಲ ಉರಿಯಿತು. ಪರೀಕ್ಷೆ ಮಾಡದೆ ಸಹಿ ಹಾಕಿದೆನಂತೆ! ತಾನು! ರಿಜಿಸ್ಟರನ್ನು ಅವನ ಮುಂದೆ ತಳ್ಳಿದಳು.

"ಓದಿ. ಸೋಮವಾರ, ಆರು ಹತ್ತು. ಕ್ಲೋರಿನ್ ಸೊನ್ನೆ. ಮಾತ್ರೆ ಹಾಕಿ ಐದು ನಿಮಿಷ ಕಾದೆ, ಗುಲಾಬಿ ಬಣ್ಣ ಬರ್ಲೇ ಇಲ್ಲ. ಕಣ್ಣಾರೆ ನೋಡಿ ಬರ್ದಿದೀನಿ."

"ಸೊನ್ನೆ ಅಂತ ಬರೆದ್ರೆ ಸತ್ತಿರೋ ಮೀನು ಎದ್ದು ಈಜುತ್ತಾ?"

"ನಿಮ್ ಜೌಗಲ್ಲಿ ಇನ್ನೇನು ಬಿದ್ದಿತ್ತೋ ನಂಗೇನ್ ಗೊತ್ತು! ನಂದಲ್ಲದ ತಪ್ಪನ್ನ ನನ್ನ ತಲೆಗೆ ಕಟ್ಬೇಡಿ."

ಅವನು ಅವಳನ್ನೇ ದಿಟ್ಟಿಸಿದ. ಕೋಪದ ಹಿಂದೆ ಇನ್ನೇನೋ ಇತ್ತು. ನೋವಾ? ಅವಳಿಗೆ ತಿಳಿಯಲಿಲ್ಲ.

"ಕೈಬರಹ ನೋಡಿ ನಿಮ್ಮನ್ನ ಬೇರೆ ಥರ ಅಂದ್ಕೊಂಡಿದ್ದೆ," ಎಂದವನೇ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಟುಹೋದ.

ಕೆಸರಿನ ಹೆಜ್ಜೆಗಳನ್ನು ಒರೆಸುವಾಗ ಅವಳ ಕಣ್ಣು ತುಂಬಿ ಬಂತು. ಒರೆಸುವ ಬಟ್ಟೆಯನ್ನು ಎರಡು ಸಲ ಹಿಂಡಿದಳು... ಒಂದು ಸಲ ಸಾಕಾಗಿತ್ತು.

* * *

ಅವನ ದೂರಿನ ಮೇಲೆ ಮಧ್ಯಾಹ್ನದೊಳಗೆ ಕೊಳವೆಯ ವಾಲ್ವ್ ಮುಚ್ಚಿದರು. ದೊಡ್ಡ ಸಾಹೇಬರು, ಎಂದರೆ ಘಟಕದ ಮುಖ್ಯ ಇಂಜಿನಿಯರು, ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಿದರು. ಶುಕ್ರವಾರ ಹನ್ನೊಂದಕ್ಕೆ ಘಟಕದ ಉಸ್ತುವಾರಿ ಸಮಿತಿಯ ಸಭೆ. ಮೀನು ಸತ್ತ ಕಾರಣ ಅಷ್ಟರಲ್ಲಿ ಸಿಗದಿದ್ದರೆ, ಮರುಬಳಕೆಯ ನೀರು ಜೌಗಿಗೆ ಇನ್ನು ಬೇಡ. ನದಿಗೆ ಬಿಟ್ಟು ಕೈತೊಳೆದುಕೊಳ್ಳುವುದು.

ಬುಧವಾರ ಪೆಟ್ಟಿಗೆ ಬಂತು. ಚೀಟಿಯಲ್ಲಿ ಬಾವಿಯ ಆಳವಿತ್ತು, ಹಕ್ಕಿಯ ಲೆಕ್ಕವಿತ್ತು. ಷರಾದ ಜಾಗ ಖಾಲಿ!

"ಏನಣ್ಣ, ಏನಾದ್ರೂ ಹೇಳಿದ್ರಾ?" ಎಂದಳು, ಕೇಳಬಾರದು ಅಂದುಕೊಂಡೇ.

"ಮಾತೇ ಇಲ್ಲಮ್ಮ. ನೀರು ದಿನಕ್ಕೊಂದು ಗೇಣು ಇಳೀತಾ ಇದೆ. ನಡುಗಡ್ಡೆ ಸುತ್ತ ಇರೋ ಕಾಲುವೆ ಒಣಗಿದ್ರೆ ನಾಯಿ ನಡ್ಕೊಂಡೇ ಹೋಗ್ಬಿಡ್ತವೆ. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ." ಡ್ರೈವರಣ್ಣ ಪೆಟ್ಟಿಗೆ ಎತ್ತಿಕೊಂಡ. "ಅವ್ನು ಊಟಕ್ಕೂ ಮೇಲೆ ಬರ್ತಿಲ್ಲ. ಕಾಲುವೇಲೇ ಕೋಲು ಹಿಡ್ಕೊಂಡು ನಿಂತಿರ್ತಾನೆ."

ಒಳ್ಳೆಯದಾಯಿತು, ನಿಂತಿರಲಿ ಎಂದುಕೊಂಡಳು. ದೂರು ಕೊಟ್ಟು ವಾಲ್ವ್ ಮುಚ್ಚಿಸಿದವನು ಅವನೇ ತಾನೇ! ಹಾಗಂದುಕೊಂಡರೂ ಎದೆಯೊಳಗಿನ ಸಂಕಟ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಮನೆಯಲ್ಲಿ ಅತ್ತಿಗೆ ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದಳು. ಹಲಗೆ ಮುಚ್ಚಿ ವರ್ಷಾನುಗಟ್ಟಲೆ ಬಿದ್ದಿದ್ದ ಬಾವಿ ಅದು. ಜೌಗು ತುಂಬಿದ ಮೇಲೆ ಅದರಲ್ಲೂ ನೀರು ಬಂದಿತ್ತು. ಮೊದಲ ಕೊಡ ಮೇಲೆ ಬಂದ ದಿನ ಅತ್ತಿಗೆ ಅಕ್ಷರಶಃ ಕುಣಿದಿದ್ದಳು.

"ಏನ್ ಪುಟ್ಟಿ, ಮುಖ ಯಾಕೆ ಹೀಗೆ ಊದಿಸ್ಕೊಂಡಿದೀಯ? ಬಿಸ್ಕತ್ ಡಬ್ಬಿಗೆ ಇವತ್ತು ಚೀಟಿ ಬರ್ಲಿಲ್ವಾ?"

"ಅತ್ತಿಗೇ! ನೀವು ನನ್ನ ಡಬ್ಬಿ ತೆಗೆದು ನೋಡಿದ್ರಾ?"

"ಬಿಸ್ಕತ್ ಇರುತ್ತೆ ಅಂತ ತೆಗೆದೆ ಕಣೇ. ಬರೀ ಬಾತುಕೋಳಿ!" ಎಂದು ನಕ್ಕವಳು, ನಾದಿನಿಯ ಕಣ್ಣು ನೋಡಿ ಹಗ್ಗ ಬಿಟ್ಟು ಹತ್ತಿರ ಬಂದಳು. "ಏನಾಯ್ತೇ?"

ಎಲ್ಲವನ್ನೂ ಹೇಳಿದಳು. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು.

"ನೀನು ಸುಳ್ಳು ಬರೆಯೋಳಲ್ಲ, ಅದು ನಂಗೊತ್ತು. ಆದ್ರೆ ಮೀನೂ ಸುಮ್ಸುಮ್ನೆ ಸಾಯಲ್ಲ ಅಲ್ವಾ? ಇಲ್ಲಿ ಕೂತು ಅಳೋ ಬದ್ಲು ಹೋಗಿ ನೋಡ್ಕೊಂಡು ಬಾ."

* * *

ಗುರುವಾರ ಮಧ್ಯಾಹ್ನ ಜೌಗಿನ ಏರಿ ಹತ್ತಿದವಳು ಹಾಗೇ ನಿಂತುಬಿಟ್ಟಳು.

ಹನ್ನೊಂದು ತಿಂಗಳು ಬರೀ ಅಂಕಿಗಳಲ್ಲಿ ಕಂಡಿದ್ದ ಜಾಗ. ಜೊಂಡು, ಕಮಲದೆಲೆ, ದೂರದಲ್ಲಿ ಬಿಳಿಯ ಹಕ್ಕಿಗಳಿಂದ ಮುಚ್ಚಿದ ನಡುಗಡ್ಡೆ... ತಾನು ಬಾಟಲಿಯಲ್ಲಿ ಹಿಡಿದು ನೋಡುತ್ತಿದ್ದ ನೀರು ಇಲ್ಲಿ ಇಷ್ಟೆಲ್ಲ ಆಗಿತ್ತೇ? ಆದರೆ ಏರಿಯ ಕೆಳಗೆ ಕೆಸರು ಬಿರಿಯತೊಡಗಿತ್ತು. ನಡುಗಡ್ಡೆಯ ಸುತ್ತ ಉಳಿದಿದ್ದದ್ದು ಪಾದ ಮುಳುಗುವಷ್ಟು ನೀರು. ಅದರಲ್ಲಿ ಅವನು. ಈಚೆ ದಡದಲ್ಲಿ ನಾಲ್ಕು ನಾಯಿಗಳು, ನಾಲಿಗೆ ಹೊರಹಾಕಿಕೊಂಡು, ಯಾವ ಅವಸರವೂ ಇಲ್ಲದೆ ಕೂತಿದ್ದವು.

"ಇನ್ನೇನು ಪರೀಕ್ಷೆ ಮಾಡೋಕೆ ಬಂದ್ರಿ?" ಅವನ ದನಿ ಒಡೆದಿತ್ತು.

"ನಾನು ಸುಳ್ಳು ಬರ್ದಿಲ್ಲ. ಅದನ್ನ ನಿಮ್ಮ ಮುಖ ನೋಡಿ ಹೇಳೋಕೆ ಬಂದೆ."

"ಸರಿ. ನೀವು ಸುಳ್ಳು ಹೇಳಿಲ್ಲ. ಮೀನೂ ಸುಳ್ಳು ಹೇಳಿಲ್ಲ. ಹಾಗಾದ್ರೆ ಯಾರು ಹೇಳಿದ್ದು?"

ಅವಳು ತಡವರಿಸಿದಳು. "ವಾಲ್ವ್ ಮುಚ್ಚಿಸಿದ್ದು ನೀವೇ ಅಲ್ವಾ..."

"ಒಳ್ಳೆ ನೀರು ಕೊಡಿ ಅಂದೆ. ನೀರೇ ಬೇಡ ಅಂದ್ನಾ ನಾನು?" ಕೋಲನ್ನು ಕೆಸರಿಗೆ ಊರಿದ. "ಮೂರು ಮರಿ ಹೋದ್ವು ಮೇಡಂ. ಇವತ್ತು ಬೆಳಿಗ್ಗೆ ಒಂದೇ ಒಂದು ಗಳಿಗೆ ಕಣ್ಣು ಮುಚ್ಚಿದೆ, ಕೂತಲ್ಲೇ. ಹದಿನಾಲ್ಕು ಇದ್ದದ್ದು ಈಗ ಹನ್ನೊಂದು."

ಅವಳು ಅತ್ತ ತಿರುಗಿದಳು. ನಡುಗಡ್ಡೆಯ ಗೂಡಿನಿಂದ ಒಂದು ಮರಿ ಕತ್ತೆತ್ತಿ ನೋಡಿತು. ಕೊಕ್ಕಿನ್ನೂ ಚಮಚವಾಗಿರಲಿಲ್ಲ.

ಅವನು ಅವಳತ್ತ ನೋಡದೆ ಮೆಲ್ಲಗೆ ಹೇಳಿದ. "ಬಂದು ನೋಡಿ ಅಂತ ಬರೆಯೋಕೆ ನಂಗೆ ಮೂರು ದಿನ ಬೇಕಾಯ್ತು. ಬರೆಯೋದು, ಹರಿಯೋದು. ಸೋಮವಾರ ಕಳ್ಸಿದೆ. ನಿಮ್ಮಿಂದ ಚೀಟಿ ವಾಪಸ್ ಬರ್ಲಿಲ್ಲ... ಆ ನೀರು ಬಂತು. ಅದೇ ಉತ್ತರ ಅಂದ್ಕೊಂಡೆ."

ಅಯ್ಯೋ! ಆ ಚೀಟಿ ಅವಳ ಬ್ಯಾಗಿನಲ್ಲೇ ಇತ್ತು. ಉತ್ತರ ಬರೆಯಲು ಮನೆಗೆ ಒಯ್ದಿದ್ದಳು. ಕೈ ಬ್ಯಾಗಿನತ್ತ ಹೋಯಿತು... ಹೋಗಿ ನಿಂತಿತು.

ಸೋಮವಾರ. ಚೀಟಿ. ಅದನ್ನು ಓದುವಾಗ ತಾನು ಎಲ್ಲಿದ್ದೆ?

ಜೌಗಿಗೆ ಹೋಗುವ ನೀರಿನ ಮಾದರಿ ಹಿಡಿಯುವ ನಲ್ಲಿಯ ಮುಂದೆ! ಎಡಗೈಯಲ್ಲಿ ಚೀಟಿ, ಬಲಗೈಯಲ್ಲಿ ಬಾಟಲಿ. ತುಟಿಯ ಮೇಲೆ ನಗು. ಮಾತ್ರೆ ಹಾಕಿದ್ದು ನೆನಪಿದೆ, ಐದು ನಿಮಿಷ ಕಾದದ್ದು ನೆನಪಿದೆ. ಬಾಟಲಿಯ ಮುಚ್ಚಳ?

ಮುಚ್ಚಳದ ಬಣ್ಣ ಯಾವುದಿತ್ತು?

ತಿರುಗಿ ಲ್ಯಾಬಿನತ್ತ ಓಡಿದಳು.

* * *

ಲ್ಯಾಬಿನಲ್ಲಿ ದಿನಾ ಎರಡು ಬಾಟಲಿ ತುಂಬುವುದು ಕ್ರಮ. ನೀಲಿ ಮುಚ್ಚಳದ್ದು ಬರಿದು, ಕ್ಲೋರಿನ್ ಪರೀಕ್ಷೆಗೆ. ಕೆಂಪು ಮುಚ್ಚಳದ್ದು ಕ್ರಿಮಿ ಪರೀಕ್ಷೆಗೆ. ಕೆಂಪಿನ ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ ಇರುತ್ತದೆ. ನೀರಿನಲ್ಲಿ ಕ್ಲೋರಿನ್ ಎಷ್ಟೇ ಇರಲಿ, ಆ ಪುಡಿ ಅದನ್ನು ತಿಂದುಹಾಕುತ್ತದೆ. ಅಂದರೆ, ಕೆಂಪು ಬಾಟಲಿಯ ನೀರಿನಲ್ಲಿ ಕ್ಲೋರಿನ್ ಹುಡುಕಿದರೆ ಸಿಗುವುದು ಯಾವಾಗಲೂ ಸೊನ್ನೆ!

ರಿಜಿಸ್ಟರಿನಲ್ಲಿ ಬಾಟಲಿ ಸಂಖ್ಯೆಗೊಂದು ಸಣ್ಣ ಅಂಕಣವಿತ್ತು. ಯಾರೂ ನೋಡದ ಅಂಕಣ. ಕೆಂಪು ಬಾಟಲಿಗಳು ಒಂದರಿಂದ ಇಪ್ಪತ್ತು. ನೀಲಿ, ನಲವತ್ತರಿಂದ ಮೇಲೆ.

ಸೋಮವಾರದ ಕ್ಲೋರಿನ್ ಸಾಲಿನಲ್ಲಿ, ಅವಳದೇ ದುಂಡಗಿನ ಅಕ್ಷರದಲ್ಲಿ: 12.

ಕುರ್ಚಿ ಹುಡುಕಿ ಕೂತಳು. ಮೂರು ದಿನದಿಂದ ಎದೆ ತಟ್ಟಿಕೊಂಡು ಹೇಳುತ್ತಿದ್ದ ಸತ್ಯ ಇದು! ಮೂರು ಮರಿಗಳು...

"ಇನ್ನೂ ಹೊರಟಿಲ್ವಾ?" ದೊಡ್ಡ ಸಾಹೇಬರು ಬಾಗಿಲಲ್ಲಿದ್ದರು. "ನೋಡಮ್ಮ, ಸೋಮವಾರ ಕ್ಲೋರಿನ್ ತೆಗೆಯೋ ಪಂಪು ಬೆಳಿಗ್ಗೆ ಒಂದು ತಾಸು ಕೆಟ್ಟಿತ್ತಂತೆ. ಈಗ ಗೊತ್ತಾಯ್ತು. ಆದ್ರೆ ನಿನ್ನ ಪರೀಕ್ಷೇಲಿ ಸೊನ್ನೆ ಬಂದಿದೆಯಲ್ಲ, ಹಾಗಾಗಿ ಆ ವಿಷ್ಯ ಎತ್ತೋದು ಬೇಡ. ಪರೀಕ್ಷೆ ಸರಿಯಾಗೇ ಮಾಡ್ದೆ ಅಂತ ಹೇಳು, ಸಾಕು. ಬಿಸಿಲಿಗೆ ಮೀನು ಸತ್ತಿರ್ಬೇಕು ಅಂತ ನಾನು ಹೇಳ್ತೀನಿ."

"ಆಮೇಲೆ ವಾಲ್ವ್?"

"ಕಾರಣ ಸಿಗ್ಲಿಲ್ಲ ಅಂದ್ರೆ ತೆಗೆಯಲ್ಲ. ನೀರು ನದಿಗೆ ಹೋಗುತ್ತೆ. ಯಾರ ಕೆಲ್ಸಾನೂ ಹೋಗಲ್ಲ. ಅಷ್ಟೇ ತಾನೇ ಬೇಕಾಗಿರೋದು?"

ಅವರು ಹೋದ ಮೇಲೆ ಪೆನ್ನು ಅವಳ ಕೈಯಲ್ಲಿತ್ತು. ಯಾವಾಗ ತೆಗೆದುಕೊಂಡಳೋ ಅವಳಿಗೇ ತಿಳಿಯದು. ಹನ್ನೆರಡನ್ನು ನಲವತ್ತೆರಡು ಮಾಡಲು ಎರಡು ಗೆರೆ ಸಾಕು. ಎರಡೇ ಗೆರೆ!

ಬಾಟಲಿ ಅದಲುಬದಲು ಮಾಡಿದವರನ್ನು ಲ್ಯಾಬಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಓದಿದ್ದು ಇದೊಂದೇ, ಬರುವುದು ಇದೊಂದೇ. ನಾಳೆ ಅವನೂ ಅಲ್ಲಿರುತ್ತಾನೆ. ಅವನ ಕಣ್ಣೆದುರೇ...

ಪೆನ್ನಿನ ಮುಚ್ಚಳ ಹಾಕಿದಳು. ರಿಜಿಸ್ಟರನ್ನು ಇದ್ದ ಹಾಗೇ ಮುಚ್ಚಿದಳು.

* * *

ಸಭೆಯಲ್ಲಿ ಐದು ಜನ. ನಡುವೆ ಅಧ್ಯಕ್ಷೆ, ಬಿಳಿಗೂದಲಿನ, ನಗದ ಹೆಂಗಸು. ಗೋಡೆಗೆ ಆತು ಅವನು ನಿಂತಿದ್ದ. ಬೂಟಿನಲ್ಲಿ ಹಸಿ ಕೆಸರು. ಕಾಲುವೆಯಲ್ಲಿ ಅವನ ಬದಲಿಗೆ ಡ್ರೈವರಣ್ಣ ಕೋಲು ಹಿಡಿದು ನಿಂತಿದ್ದ.

ದೊಡ್ಡ ಸಾಹೇಬರು ಬಿಸಿಲಿನ ಕಥೆ ಮುಗಿಸಿದರು. "ಬೇಕಿದ್ರೆ ನಮ್ಮ ಹುಡುಗೀನೇ ಕೇಳಿ."

ಅವಳು ಎದ್ದಳು. ಬ್ಯಾಗಿನಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಂದು ಕೆಂಪು, ಒಂದು ನೀಲಿ. ಎರಡಕ್ಕೂ ಒಂದೇ ಜಗ್ಗಿನಿಂದ ನೀರು ಸುರಿದಳು.

"ಈ ನೀರಿಗೆ ನಾನೇ ಕ್ಲೋರಿನ್ ಹಾಕಿ ತಂದಿದೀನಿ," ಎಂದು ಎರಡಕ್ಕೂ ಒಂದೊಂದು ಮಾತ್ರೆ ಬಿಟ್ಟಳು.

ನೀಲಿಯಲ್ಲಿ ಗುಲಾಬಿ ಹಬ್ಬಿತು. ಕೆಂಪಿನಲ್ಲಿ ನೀರು ನೀರಾಗೇ ಉಳಿಯಿತು.

"ಸೋಮವಾರ ನಾನು ನೋಡಿದ್ದು ಇದನ್ನ," ಎಂದು ಕೆಂಪು ಬಾಟಲಿ ಎತ್ತಿ ತೋರಿಸಿದಳು. "ನೋಡ್ಬೇಕಾಗಿದ್ದದ್ದು ಅದನ್ನ. ಪಂಪು ಕೆಟ್ಟಿತ್ತು. ಅದನ್ನ ಹಿಡೀಬೇಕಾದ ಪರೀಕ್ಷೇನ ನಾನು ತಪ್ಪು ಬಾಟಲೀಲಿ ಮಾಡ್ದೆ. ತಪ್ಪು ನೀರಿಂದಲ್ಲ, ಬಿಸಿಲಿಂದಲ್ಲ... ನಂದು. ಜೌಗಿನವರು ಹೇಳಿದ್ದು ನಿಜ. ದಯವಿಟ್ಟು ವಾಲ್ವ್ ತೆಗೀರಿ, ಇವತ್ತೇ. ಹನ್ನೊಂದು ಮರಿ ಉಳಿದಿವೆ."

ದೊಡ್ಡ ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಅಧ್ಯಕ್ಷೆ ರಿಜಿಸ್ಟರ್ ತರಿಸಿ ಹಾಳೆ ಹಾಳೆ ತಿರುವಿದರು.

"ಹನ್ನೊಂದು ತಿಂಗಳಲ್ಲಿ ಒಂದು ದಿನಾನೂ ಬಾಟಲಿ ತಪ್ಪಿಲ್ಲ. ಅವತ್ತು ಮಾತ್ರ ಯಾಕಮ್ಮ?"

ಅವಳು ತಲೆ ತಗ್ಗಿಸಿದಳು. "ಗಮನ ಬೇರೆ ಕಡೆ ಇತ್ತು."

"ಎಲ್ಲಿ?"

ಅವಳ ಕೈ ಚೀಟಿಯಿದ್ದ ಬ್ಯಾಗನ್ನು ಒತ್ತಿ ಹಿಡಿಯಿತು. ಆರು ಹತ್ತು... ಸೋಮವಾರ... ಗೋಡೆಗೆ ಆತಿದ್ದವನಿಗೆ ಹೊಳೆಯಿತು, ನೆಟ್ಟಗಾದ.

"ನನ್ನ ಚೀಟಿ ಓದ್ತಾ ಇದ್ರು, ಮೇಡಂ," ಎಂದ. "ಆರು ಗಂಟೆಗೆ ಪೆಟ್ಟಿಗೆ ತಲುಪುತ್ತೆ. ಷರಾದಲ್ಲಿ ಬರೀಬಾರದ್ದನ್ನ ಬರ್ದಿದ್ದೆ. ತಪ್ಪು ನಂದೂ ಇದೆ."

"ಇಲ್ಲ!" ಅವಳು ತಟ್ಟನೆ ತಿರುಗಿದಳು. "ಚೀಟಿ ಅವ್ರದ್ದು. ಕೈ ನಂದು."

ಅಧ್ಯಕ್ಷೆ ಕನ್ನಡಕ ತೆಗೆದು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು. ನಗಲಿಲ್ಲ.

"ವಾಲ್ವ್ ಈಗಲೇ ತೆಗೀರಿ. ಇನ್ಮೇಲೆ ಪರೀಕ್ಷೆ ಎರಡು ಕಡೆ, ಘಟಕದಲ್ಲೂ ಜೌಗಿನ ಬಾಯಲ್ಲೂ. ಬಾಟಲಿ ಸಂಖ್ಯೆ ಜೋರಾಗಿ ಓದಿ ಬರೀಬೇಕು. ನೀನು ಆರು ತಿಂಗಳು ಸಹಿ ಹಾಕೋ ಹಾಗಿಲ್ಲಮ್ಮ. ಆಮೇಲೂ ಲ್ಯಾಬಿಗೆ ತಗೋಬೇಕಾ ಅನ್ನೋದು ಆಮೇಲಿನ ಮಾತು." ಸಾಹೇಬರತ್ತ ತಿರುಗಿದರು. "ಪಂಪಿನ ವಿಷ್ಯ ನೀವು ಯಾಕೆ ಹೇಳ್ಲಿಲ್ಲ ಅಂತ ನಾವು ಮಧ್ಯಾಹ್ನ ಮಾತಾಡೋಣ."

* * *

ವಾಲ್ವ್ ತೆಗೆದರೂ ನೀರು ಕೊಳವೆ ದಾಟಿ ನಡುಗಡ್ಡೆ ಸುತ್ತುವರಿಯಲು ನಾಲ್ಕು ಗಂಟೆ ಬೇಕು. ಕಾಲುವೆಯಲ್ಲಿ ಆಗಲೇ ಬರೀ ಕೆಸರು. ನಾಯಿಗಳು ಈಗ ಆರಾಗಿದ್ದವು.

ಅವನೊಂದು ಕಡೆ, ಅವಳೊಂದು ಕಡೆ, ಕೋಲು ಹಿಡಿದು ನಿಂತರು. ಡ್ರೈವರಣ್ಣ ಏರಿಯ ಮೇಲೆ. ಅವಳ ಚಪ್ಪಲಿ ಕೆಸರಲ್ಲಿ ಎಲ್ಲೋ ಹೂತುಹೋಗಿತ್ತು. ಒಂದು ಕಂದು ನಾಯಿ ಮತ್ತೆ ಮತ್ತೆ ಅವಳ ಕಡೆಯಿಂದಲೇ ನುಗ್ಗಲು ನೋಡುತ್ತಿತ್ತು. ಇವಳು ಹೊಸಬಳು ಎಂದು ಅದಕ್ಕೂ ಗೊತ್ತಾಗಿರಬೇಕು!

"ಹಿಂದೆ ಸರೀಬೇಡಿ!" ಎಂದು ಅವನು ಕೂಗಿದ. "ಅದರ ಕಣ್ಣೇ ನೋಡ್ತಾ ನಿಂತ್ಕೊಳ್ಳಿ!"

ನಿಂತಳು. ನಾಯಿ ಹಲ್ಲು ಕಿರಿದು ಒಂದು ಹೆಜ್ಜೆ ಮುಂದಿಟ್ಟಿತು. ಕೋಲನ್ನು ಕೆಸರಿಗೆ ಬಡಿದಳು. ಇನ್ನೊಂದು ಹೆಜ್ಜೆ... ಮತ್ತೆ ಬಡಿದಳು. ಗಂಟೆಗಳು ಹೀಗೇ ಹೋದವು. ತೋಳು ಸೋತು ಕಲ್ಲಾಯಿತು. ಬಿಸಿಲು ಇಳಿಯಿತು.

ಆಗ ಕಾಲ್ಬೆರಳ ಸಂದಿಯಲ್ಲಿ ಏನೋ ತಣ್ಣಗೆ ಹರಿಯಿತು.

ಬಗ್ಗಿ ನೋಡಿದಳು. ನೀರು! ಮೊದಲು ನೂಲಿನಷ್ಟು, ಆಮೇಲೆ ಅಂಗೈಯಷ್ಟು, ಆಮೇಲೆ ಕಾಲುವೆಯ ಅಗಲಕ್ಕೂ... ಹಿಮ್ಮಡಿ ಮುಳುಗಿತು, ಮೀನಖಂಡ ಮುಟ್ಟಿತು. ಕಂದು ನಾಯಿ ಮೂಸಿ ನೋಡಿ, ಬೇಸರದಿಂದ ಒಮ್ಮೆ ಬೊಗಳಿ, ತಿರುಗಿ ಏರಿ ಹತ್ತಿತು. ಉಳಿದವೂ ಹಿಂದೆಯೇ ನಡೆದವು.

ಅವಳು ಕೋಲು ಊರಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ನೀರು ತುಳಿಯುತ್ತ ಹತ್ತಿರ ಬಂದ.

"ಯಾಕೆ ಅಳ್ತೀರ? ಉಳಿದ್ವಲ್ಲ."

"ಮೂರು ಉಳೀಲಿಲ್ವಲ್ಲ..."

ಅವನು ಸಮಾಧಾನ ಹೇಳಲಿಲ್ಲ. ಹೇಳದಿದ್ದದ್ದೇ ಅವಳಿಗೆ ಸಮಾಧಾನವಾಯಿತು. ಕಣ್ಣೊರೆಸಿಕೊಂಡು ಬ್ಯಾಗಿನಿಂದ ಮಡಚಿದ ಚೀಟಿ ತೆಗೆದು ಅವನಿಗೆ ಕೊಟ್ಟಳು.

"ಸೋಮವಾರ ರಾತ್ರೀನೇ ಬರ್ದಿದ್ದೆ. ನಾಲ್ಕು ಸಲ ಬೇರೆ ಹಾಳೇಲಿ ಬರ್ದು, ಆಮೇಲೆ ಇದ್ರಲ್ಲಿ."

ಅವನ ಷರಾದ ಕೆಳಗೆ ಎರಡು ಸಾಲಿತ್ತು. "ಬರ್ತೀನಿ. ಮರಿ ನೋಡೋಕೆ ಮಾತ್ರ ಅಲ್ಲ."

ಅವನು ಅದನ್ನು ಓದಿದ. ಮತ್ತೊಮ್ಮೆ ಓದಿದ. ಕೆಸರು ಮೆತ್ತಿದ ಕೈಯಿಂದ ಚೀಟಿ ಕೊಳೆಯಾಗಬಾರದೆಂದು ಅಂಚನ್ನಷ್ಟೇ ಹಿಡಿದಿದ್ದ.

"ಮಂಗಳವಾರ ನಾನು ಆಡಿದ ಮಾತು..."

"ಆಡಿದ್ದು ನಿಜಾನೇ ಆಗಿತ್ತಲ್ಲ."

"ಕೈಬರಹದ ಮಾತು ನಿಜ ಅಲ್ಲ. ನಾನು ಅಂದ್ಕೊಂಡಿದ್ದ ಥರಾನೇ ಇದೀರ ನೀವು. ಇವತ್ತು ಆ ಎರಡು ಬಾಟ್ಲಿ ಇಟ್ಟು ನಿಂತಿದ್ರಲ್ಲ... ಆಗ ಇನ್ನೂ ಜಾಸ್ತಿ ಇಷ್ಟ ಆಗ್ಬಿಟ್ರಿ." ಹೇಳಿ ಮುಗಿಸಿ, ಉದ್ದಕಾಲಿನ ಆ ಮನುಷ್ಯ ಎಲ್ಲಿ ನೋಡುವುದೆಂದು ತಿಳಿಯದೆ ನೀರನ್ನೇ ನೋಡಿದ.

ಅವಳು ಅವನ ಕೈ ಹಿಡಿದುಕೊಂಡಳು. ಕೆಸರಿಗೆ ಕೆಸರು.

ಏರಿಯ ಮೇಲಿಂದ ಡ್ರೈವರಣ್ಣ ಕೆಮ್ಮಿದ. "ಬೆಳಿಗ್ಗೆ ಒಯ್ಯೋ ಪೆಟ್ಟಿಗೆ ರೆಡಿ ಇದೆ! ಇವತ್ತಿನ ಚೀಟಿ ಯಾರಾದ್ರೂ ಬರೀತೀರೋ, ನಾನೇ ಬರೀಲೋ?"

ಅವನು ಜೇಬಿನಿಂದ ಹೊಸ ಚೀಟಿ ತೆಗೆದ. ಬಾವಿಯ ಆಳ ಬರೆದ. ಮರಿಗಳು ಹನ್ನೊಂದು ಎಂದು ಬರೆದ.

"ಹದಿನಾಲ್ಕಿತ್ತು ಅಂತಾನೂ ಬರೀರಿ," ಎಂದಳು. "ನಾನು ಮರೀಬಾರ್ದು."

ಬರೆದ. ಆಮೇಲೆ ಪೆನ್ಸಿಲ್ಲನ್ನು ಅವಳಿಗೇ ಕೊಟ್ಟ. "ಷರಾ ನೀವು ಬರೀರಿ."

ಅವಳು ಅವನ ಬೆನ್ನಿನ ಮೇಲೆ ಚೀಟಿಯಿಟ್ಟು ಬರೆದುಕೊಟ್ಟಳು: "ಇವತ್ತು ಇಬ್ಬರಿದ್ದೆವು. ನಾಳೆಯೂ."

"ನಾಳೆ ಅಂತ ಒಂದೇ ದಿನ ಬರ್ದಿದೀರ?" ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು.

"ಚೀಟಿ ದಿನಕ್ಕೊಂದೇ ಅಲ್ವಾ?" ಎಂದು ಅವನೆದುರು ಮೊದಲ ಸಲ ನಕ್ಕಳು. "ನಾಳೆ ಚೀಟೀಲಿ ಮತ್ತೆ ಬರೀತೀನಿ."